ಸಲಹೆಯ ಅಂಗಡಿ

ಮನೆಯ ಬಾಗಿಲ ಪಕ್ಕದಲ್ಲಿ ಒಂದು ಸಣ್ಣ ಹಲಗೆಯನ್ನು ತೂಗುಹಾಕಿದ ದಿನ ನನ್ನಾಕೆ ಅದನ್ನು ಎರಡು ಬಾರಿ ಓದಿದಳು. 'ವಸತಿ ಸಂಘಗಳಿಗೆ ಲೆಕ್ಕಪತ್ರ ಮತ್ತು ಆಡಳಿತ ಸಲಹೆ' ಎಂದು ಅದರ ಮೇಲೆ ಬರೆಸಿದ್ದೆ. "ಇಷ್ಟು ವರ್ಷ ನೀವು ಬಿಟ್ಟಿಯಾಗಿ ಕೊಟ್ಟ ಸಲಹೆಯನ್ನೇ ಈ ಮನೆಯಲ್ಲಿ ಯಾರೂ ಕೇಳಿದ್ದಿಲ್ಲ, ಇನ್ನು ದುಡ್ಡು ತೆತ್ತು ಕೇಳುವವರು ಎಲ್ಲಿದ್ದಾರೋ ಕಾಣೆ" ಎಂದು ಹೇಳಿ ಒಳಗೆ ಹೋದಳು. ಆ ಮಾತಿನಲ್ಲಿದ್ದ ಸತ್ಯಾಂಶವನ್ನು ನಾನು ಅಲ್ಲಗಳೆಯಲಾರೆ. ಆದರೂ ಹಲಗೆಯನ್ನು ಇಳಿಸಲಿಲ್ಲ.

ಸಹಕಾರ ಸಂಘಗಳ ಲೆಕ್ಕವನ್ನು ಪರಿಶೋಧಿಸುವುದು ನನ್ನ ಜೀವಮಾನದ ಉದ್ಯೋಗವಾಗಿದ್ದಿತು. ತಾಲ್ಲೂಕಿನಿಂದ ತಾಲ್ಲೂಕಿಗೆ ಬಸ್ಸಿನಲ್ಲಿ ಅಲೆಯುತ್ತ, ಹಾಲಿನ ಸಂಘ, ನೇಕಾರರ ಸಂಘ, ಗೊಬ್ಬರ ಮಾರುವ ಸಂಘ ಎಂದು ಬೇಧವೆಣಿಸದೆ ಎಲ್ಲರ ಖಾತೆಗಳ ಧೂಳನ್ನೂ ಕೊಡವಿ, ನಿವೃತ್ತನಾಗಿ ಬೆಂಗಳೂರಿನ ದಕ್ಷಿಣದ ಬಡಾವಣೆಯೊಂದರಲ್ಲಿ 48 ಮನೆಗಳ ಕಟ್ಟಡದ ಒಂದು ಮನೆಯಲ್ಲಿ ನೆಲೆಸಿದೆ. ಇನ್ನು ಖಾತೆಯ ಮುಖ ನೋಡಬೇಕಾಗಿಲ್ಲವೆಂದು ನಂಬಿದ್ದೆ. ಆರು ತಿಂಗಳಾಗುವಷ್ಟರಲ್ಲಿ ಸರ್ವಸದಸ್ಯರ ಸಭೆಯಲ್ಲಿ ಯಾರೋ, "ರಾಯರಿಗೆ ಬೇಕಾದಷ್ಟು ಬಿಡುವಿದೆ" ಎಂದರು. ಆ ಒಂದು ಅರ್ಹತೆಯ ಮೇಲೆ ನಾನು ಕಾರ್ಯದರ್ಶಿಯಾದೆ. ಅಂದು ಸಭೆಗೆ ಬಂದಿದ್ದವರು 11 ಮಂದಿ.

ನಾನು ಹುಟ್ಟಿ ಬೆಳೆದದ್ದು ವಠಾರದಲ್ಲಿ. ವಠಾರಕ್ಕೆ ಮಾಲೀಕನೊಬ್ಬ, ಬಾಡಿಗೆಯವರು ಹಲವರು. ನಲ್ಲಿಯ ಬಳಿ ಕೊಡಕ್ಕೆ ಕೊಡ ತಾಗಿದರೂ, ಮಾಡು ಸೋರಿದರೂ, ದೂರು ಕೊಂಡೊಯ್ಯಲು ಒಂದು ಜಗಲಿಯಿತ್ತು. ಬೈಯಲು ಒಬ್ಬ ಮನುಷ್ಯನಿದ್ದ. ಇಂದಿನ ಅಪಾರ್ಟ್‌ಮೆಂಟಿನಲ್ಲಿ ಎಲ್ಲರೂ ಮಾಲೀಕರೇ. ಮಾಡು ಸೋರಿದರೆ ಸೋರುವುದು ಎಲ್ಲರ ಮಾಡು. ಅಂದರೆ, ಯಾರ ಮಾಡೂ ಅಲ್ಲ. ತನ್ನ ಮನೆಯೊಳಗಣ ನೆಲಕ್ಕೆ ಇಟಲಿಯ ಅಮೃತಶಿಲೆ ಹಾಸಿದ ಗೃಹಸ್ಥರು ಬಾಗಿಲ ಹೊರಗಿನ ಮೆಟ್ಟಿಲ ದೀಪಕ್ಕೆ ಹಣ ಕೇಳಿದರೆ ಹುಬ್ಬೇರಿಸುವುದನ್ನು ನಾನು ಕಂಡಿದ್ದೇನೆ. ಕೊಂಡದ್ದು ಮನೆಯನ್ನು ಮಾತ್ರವಲ್ಲ, ಅದರೊಡನೆ ಮೆಟ್ಟಿಲು, ತಾರಸಿ, ಪಂಪು, ಕೊಳವೆ, ಕಾಂಪೌಂಡು ಇವುಗಳಲ್ಲಿ ಒಂದು ಅವಿಭಾಜ್ಯ ಪಾಲನ್ನೂ ಕೊಂಡಿದ್ದೇವೆ ಎಂಬುದು ಕ್ರಯಪತ್ರದಲ್ಲಿ ಬರೆದೇ ಇರುತ್ತದೆ. ಕ್ರಯಪತ್ರವನ್ನು ಕೊನೆಯವರೆಗೆ ಓದುವ ಅಭ್ಯಾಸ ನಮ್ಮಲ್ಲಿ ಕಡಮೆ.

ಕಾರ್ಯದರ್ಶಿಯಾದ ಮೇಲೆ ಕಪಾಟು ತೆರೆದು ನೋಡಿದೆ. ಲಿಫ್ಟಿನ ವಾರ್ಷಿಕ ಕರಾರು ಮುಗಿದು ಎಂಟು ತಿಂಗಳಾಗಿತ್ತು. ಕಟ್ಟಡದ ಅನುಮೋದಿತ ನಕ್ಷೆಯಿರಲಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಸಂಘವೆಂಬುದು ಕಾನೂನಿನ ಕಣ್ಣಿಗೆ ಇದೆಯೋ ಇಲ್ಲವೋ ಎಂಬುದೇ ಸಂದೇಹವಾಯಿತು. ಕರ್ನಾಟಕದಲ್ಲಿ ಇದಕ್ಕಾಗಿ 1972ರಲ್ಲಿಯೇ ಅಪಾರ್ಟ್‌ಮೆಂಟ್ ಒಡೆತನದ ಕಾಯಿದೆಯಾಯಿತು. ಆದರೆ ಅದು ತಾನಾಗಿ ಬಂದು ಯಾರ ಕಟ್ಟಡವನ್ನೂ ಹಿಡಿಯುವುದಿಲ್ಲ. ಒಡೆಯರೆಲ್ಲ ಸೇರಿ ಘೋಷಣಾ ಪತ್ರವೊಂದನ್ನು ಬರೆದು ನೋಂದಾಯಿಸಿ, 'ನಾವು ಈ ಕಾಯಿದೆಗೆ ಒಳಪಡುತ್ತೇವೆ' ಎಂದು ಒಪ್ಪಿಕೊಂಡರೆ ಮಾತ್ರ ಅನ್ವಯವಾಗುತ್ತದೆ. ಈ ತೊಡಕಿಗೆ ಅಂಜಿ ಎಷ್ಟೋ ಕಟ್ಟಡಗಳವರು 1960ರ ಸಂಘಗಳ ನೋಂದಣಿ ಕಾಯಿದೆಯಡಿ ಹೆಸರು ಬರೆಸಿ ಸುಮ್ಮನಾದರು. ಆ ಕಾಯಿದೆ ಧರ್ಮಾರ್ಥ, ವಿದ್ಯೆ, ಕಲೆ, ಕ್ರೀಡೆ ಮುಂತಾದ ಉದ್ದೇಶಗಳಿಗಾಗಿ ಹುಟ್ಟಿದ್ದು. ಒಡೆಯರ ಸ್ವತ್ತನ್ನು ನೋಡಿಕೊಳ್ಳುವ ಸಂಘಕ್ಕೆ ಅದು ಸಲ್ಲದೆಂದು ಉಚ್ಚ ನ್ಯಾಯಾಲಯ ಹೇಳಿದುದುಂಟು. ಹೀಗೆ, ಮದುವೆಯಾಗಿ ಇಪ್ಪತ್ತು ವರ್ಷದ ಮೇಲೆ ತಾಳಿ ಕಟ್ಟಿದ್ದೇ ಸರಿಯಾಗಿರಲಿಲ್ಲವೆಂದು ತಿಳಿದ ದಂಪತಿಗಳಂತೆ ಅನೇಕ ಸಂಘಗಳು ಗಾಬರಿಗೊಂಡವು. ನಮ್ಮದೂ ಅವುಗಳಲ್ಲಿ ಒಂದು.

ಎರಡು ವರ್ಷ ಓಡಾಡಿ, ವಕೀಲರನ್ನು ಹಿಡಿದು, 48 ಮನೆಯವರ ಸಹಿಗಾಗಿ 48 ಮನೆಯ ಕಾಫಿ ಕುಡಿದು, ಅದನ್ನು ಒಂದು ದಾರಿಗೆ ತಂದೆ. ಸುದ್ದಿ ಹೇಗೋ ಹಬ್ಬಿತು. ಪಕ್ಕದ ರಸ್ತೆಯ ಸಂಘದವರು ಬಂದರು; ಅವರ ನೆಂಟರ ಕಟ್ಟಡದವರು ಬಂದರು. ಕೆಲಸ ಮುಗಿದ ಮೇಲೆ ಮೊದಲನೆಯವರು ಒಂದು ಶಾಲು, ತೆಂಗಿನಕಾಯಿ, ಒಂದು ಡಬ್ಬಿ ಕಜ್ಜಾಯ ಕೊಟ್ಟು ಕೈಮುಗಿದರು. ಮೂರನೆಯ ಶಾಲು ಬಂದಾಗ ನನ್ನಾಕೆಯೇ, "ಇವನ್ನೆಲ್ಲ ಹೊದೆಯುವಷ್ಟು ಚಳಿ ಬೆಂಗಳೂರಿನಲ್ಲಿ ಈಗ ಎಲ್ಲಿದೆ?" ಎಂದಳು. ಅಂಗಡಿ ತೆರೆಯುವ ಯೋಚನೆ ಬಂದದ್ದು ಆಗ. ಅದಕ್ಕೆ ಬೇಕಾದ ಬಂಡವಾಳವೂ ಅಲ್ಪ: ಒಂದು ಮೇಜು, ಮೂರು ಕಾಯಿದೆಯ ಪುಸ್ತಕಗಳು, ಒಂದು ಗಣಕಯಂತ್ರ, ಆ ಹಲಗೆ.

ಬೆಲೆ ಕಟ್ಟುವುದು ಮಾತ್ರ ಬಲು ಕಷ್ಟ. ಬದನೆಕಾಯಿಯನ್ನಾದರೂ ತಕ್ಕಡಿಗೆ ಹಾಕಬಹುದು. ಕೊನೆಗೆ ಮೊದಲ ಭೇಟಿಗೆ ಏನೂ ಇಲ್ಲವೆಂದೂ, ಕಾಗದಪತ್ರಗಳನ್ನು ಓದಿ ವರದಿ ಬರೆದರೆ ಇಷ್ಟೆಂದೂ, ಅರ್ಧ ಮುಂಗಡ ಕೊಡತಕ್ಕದ್ದೆಂದೂ ಒಂದು ಕರಾರು ಪತ್ರವನ್ನು ಸಿದ್ಧಮಾಡಿದೆ. ನಾನು ಮಾಡದಿರುವ ಕೆಲಸಗಳನ್ನು ಅದರಲ್ಲಿ ಮೊದಲು ಬರೆದೆ. ಪತ್ರಗಳ ಕರಡು ವಕೀಲರದು, ಲೆಕ್ಕಕ್ಕೆ ಸಹಿ ಚಾರ್ಟರ್ಡ್ ಅಕೌಂಟೆಂಟರದು, ಗೋಡೆಯ ಬಿರುಕಿನ ಪರೀಕ್ಷೆ ಎಂಜಿನಿಯರರದು. ಯಾವ ಬಿರುಕಿಗೆ ಯಾರ ಬಾಗಿಲು ತಟ್ಟಬೇಕು ಎಂಬುದನ್ನು ಹೇಳುವುದಷ್ಟೇ ನನ್ನದು. ಇದೂ ಸಣ್ಣ ಕೆಲಸವೇನಲ್ಲ. 2016ರ ಸ್ಥಿರಾಸ್ತಿ ಕಾಯಿದೆಯ ಪ್ರಕಾರ, ಅಂದರೆ ಜನ ರೇರಾ ಎನ್ನುತ್ತಾರಲ್ಲ ಅದರ ಪ್ರಕಾರ, ಮನೆ ಕೈಗೆ ಬಂದ ಐದು ವರ್ಷಗಳೊಳಗೆ ಕಟ್ಟಡದ ರಚನೆಯ ದೋಷವನ್ನು ತೋರಿಸಿಕೊಟ್ಟರೆ ಕಟ್ಟಿದವರು ಅದನ್ನು 30 ದಿನಗಳಲ್ಲಿ ತಮ್ಮ ಖರ್ಚಿನಲ್ಲಿ ಸರಿಪಡಿಸಬೇಕು. ಆರನೆಯ ವರ್ಷದಲ್ಲಿ ಸೋರಿಕೆಯ ಛಾಯಾಚಿತ್ರಗಳನ್ನು ಹಿಡಿದು ನನ್ನ ಬಳಿಗೆ ಬಂದವರನ್ನು ಕಂಡು ನನಗೆ ಮರುಕವಾಗಿದೆ. ಸೋರಿಕೆ ಮೂರನೆಯ ವರ್ಷದಲ್ಲಿಯೇ ಇತ್ತಂತೆ. ಮುಂದಿನ ಸಭೆಯಲ್ಲಿ ಚರ್ಚಿಸೋಣವೆಂದು ಮುಂದೂಡಿದ್ದರಂತೆ.

ಇನ್ನೊಂದು ನಿಯಮವೂ ಕರಾರಿನಲ್ಲಿತ್ತು: ಬಣ್ಣ ಬಳಿಯುವವರಿಂದಾಗಲಿ, ಕಾವಲುಗಾರರನ್ನು ಒದಗಿಸುವವರಿಂದಾಗಲಿ ಒಂದು ಕಾಸನ್ನೂ ತೆಗೆದುಕೊಳ್ಳತಕ್ಕದ್ದಲ್ಲ. ಬಣ್ಣದ ಗುತ್ತಿಗೆದಾರನೊಬ್ಬ ಲಕೋಟೆಯೊಂದನ್ನು ಮೇಜಿನ ಮೇಲಿಟ್ಟು, "ಇದು ರೂಢಿ ಸಾರ್" ಎಂದ. ರೂಢಿಯನ್ನು ಅವನ ಕೈಗೇ ಹಿಂದಿರುಗಿಸಿದೆ. ಈ ವಿಷಯದಲ್ಲಿ ನಾನು ಬಹಳ ಹೆಮ್ಮೆಪಟ್ಟುಕೊಂಡಿದ್ದೆ. ಮನುಷ್ಯ ಒಂದು ಬಾಗಿಲಿಗೆ ಭದ್ರವಾಗಿ ಬೀಗ ಹಾಕಿ ಅದನ್ನೇ ನೋಡುತ್ತ ನಿಂತಿರುವಾಗ ಇನ್ನೊಂದು ಬಾಗಿಲು ತೆರೆದಿರುತ್ತದೆ. ನನಗೆ ಹಾಗೆಯೇ ಆಯಿತು.

64 ಮನೆಗಳ ಒಂದು ಕಟ್ಟಡ. ವಯಸ್ಸು ಇಪ್ಪತ್ತು ದಾಟಿತ್ತು. ಆ ಸಂಘದ ಅಧ್ಯಕ್ಷರು ಚುರುಕಿನ ಮನುಷ್ಯರು. ಯಾವುದೋ ಕಾರ್ಖಾನೆಯಲ್ಲಿ ದೊಡ್ಡ ಅಧಿಕಾರಿಯಾಗಿದ್ದವರು. ಹಳೆಯ ಲೆಕ್ಕ ನೋಡಿ, ಮುಂದಿನ ಹತ್ತು ವರ್ಷಕ್ಕೆ ಹಣದ ದಾರಿ ತೋರಿಸಿಕೊಡಬೇಕೆಂದು ಕೇಳಿದರು. ಇಂಥ ಕೆಲಸ ನನಗೆ ಪ್ರಿಯವಾದದ್ದು. ಕಟ್ಟಡವೆಲ್ಲ ಸುತ್ತಿ, ಎಂಜಿನಿಯರರೊಬ್ಬರನ್ನು ಕರೆಸಿ, ಪಟ್ಟಿ ಮಾಡಿದೆವು. ಹೊರಗಿನ ಬಣ್ಣಕ್ಕೆ 18 ಲಕ್ಷ, ಆರು ವರ್ಷಕ್ಕೊಮ್ಮೆ. ಎರಡು ಲಿಫ್ಟುಗಳಿಗೆ 40 ಲಕ್ಷ, ಇನ್ನು ಹತ್ತು ವರ್ಷದಲ್ಲಿ. ಪಂಪು ಮತ್ತು ಕೊಳವೆಗಳಿಗೆ 12 ಲಕ್ಷ, ಎಂಟು ವರ್ಷದಲ್ಲಿ. ತಾರಸಿಯ ಸೋರಿಕೆ ತಡೆಯಲು 9 ಲಕ್ಷದ 60 ಸಾವಿರ, ಐದು ವರ್ಷದಲ್ಲಿ. ತಿಂಗಳಿಗೆ ಹಂಚಿದರೆ ಸುಮಾರು 87 ಸಾವಿರ ರೂಪಾಯಿ. ಮನೆಗೆ ಸರಾಸರಿ 1,350. ಇದು ಪ್ರತಿ ತಿಂಗಳೂ ಕಾವಲು, ಕಸ, ದೀಪಗಳಿಗಾಗಿ ಕೊಡುವ ಶುಲ್ಕದ ಮೇಲೆ ಬೇರೆ. ಸಂಘದ ಬಳಿ ಮೂಲನಿಧಿಯೆಂದು ಇದ್ದದ್ದು ಒಂದು ಬಣ್ಣಕ್ಕೂ ಸಾಲದು.

ಸರ್ವಸದಸ್ಯರ ಸಭೆಯಲ್ಲಿ ಈ ಅಂಕಿಗಳನ್ನು ಓದಿದಾಗ ದೊಡ್ಡ ಗದ್ದಲವಾಯಿತು. ಲಿಫ್ಟು ಚೆನ್ನಾಗಿಯೇ ಓಡುತ್ತಿದೆಯಲ್ಲ ಎಂದರು ಕೆಲವರು. ಮುಂದಿನವರು ನೋಡಿಕೊಳ್ಳಲಿ ಎಂದರು ಕೆಲವರು. ಬಾಡಿಗೆಗೆ ಕೊಟ್ಟವರು ಬರಲೇ ಇಲ್ಲ. ನಾನು ಅಮೆರಿಕದ ಫ್ಲಾರಿಡಾದಲ್ಲಿ ಮಯಾಮಿಯ ಬಳಿಯ ಸರ್ಫ್‌ಸೈಡ್ ಎಂಬ ಊರಿನ ಸಂಗತಿಯನ್ನು ಹೇಳಿದೆ. ಅಲ್ಲಿ ಸಮುದ್ರದ ದಂಡೆಯಲ್ಲಿ 12 ಅಂತಸ್ತಿನ ಒಂದು ಕಟ್ಟಡವಿದ್ದಿತು, 1981ರಲ್ಲಿ ಮುಗಿದದ್ದು. ಈಜುಕೊಳದ ಸುತ್ತಿನ ನೆಲದಡಿಯ ಜಲನಿರೋಧಕ ಕೆಟ್ಟು ಕಾಂಕ್ರೀಟಿಗೆ ಹಾನಿಯಾಗಿದೆಯೆಂದು 2018ರಲ್ಲಿಯೇ ಎಂಜಿನಿಯರರು ವರದಿ ಕೊಟ್ಟಿದ್ದರು. ದುರಸ್ತಿಯ ಅಂದಾಜು ಒಂದೂವರೆ ಕೋಟಿ ಡಾಲರಿನವರೆಗೆ ಏರಿತು. ಕೂಡಿಟ್ಟ ನಿಧಿ ಅದಕ್ಕೆ ಏನೇನೂ ಸಾಲದು. ಹಣ ಯಾರು ಕೊಡಬೇಕು, ಎಷ್ಟು ಕೊಡಬೇಕು ಎಂದು ವಾದವಾಗಿ, ಆಡಳಿತ ಮಂಡಲಿಯ ಹಲವರು ರಾಜೀನಾಮೆಯಿತ್ತರು. 2021ರ ಜೂನ್ 24ರ ನಸುಕಿನಲ್ಲಿ ಕಟ್ಟಡದ ಒಂದು ಭಾಗ ಕುಸಿದು 98 ಮಂದಿ ಮಡಿದರು. ಕುಸಿತಕ್ಕೆ ಮೂಲದಲ್ಲಿ ಕಟ್ಟಿದವರ ದೋಷವೂ ಉಂಟು. ಎಲ್ಲವನ್ನೂ ಒಡೆಯರ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಆ ವಾದದ ಮಾತುಗಳು ನಮ್ಮ ಸಭೆಯ ಮಾತುಗಳಿಗಿಂತ ಭಿನ್ನವಾಗಿರಲಿಲ್ಲ. ಮರುವರ್ಷವೇ ಆ ರಾಜ್ಯ, ಮೂರು ಮತ್ತು ಅದಕ್ಕಿಂತ ಹೆಚ್ಚು ಅಂತಸ್ತಿನ ಇಂಥ ಕಟ್ಟಡಗಳಿಗೆಲ್ಲ ನಿಧಿಯ ಲೆಕ್ಕಾಚಾರವನ್ನು ಕಡ್ಡಾಯ ಮಾಡಿತು. ಕ್ಯಾಲಿಫೋರ್ನಿಯಾದಲ್ಲಿ ಮೂರು ವರ್ಷಕ್ಕೊಮ್ಮೆಯಾದರೂ ಕಟ್ಟಡವನ್ನು ನೋಡಿ ನಿಧಿಯನ್ನು ಅಳೆಯಬೇಕೆಂಬ ನಿಯಮ ಮೊದಲಿನಿಂದಲೂ ಇದ್ದಿತು. ಅಲ್ಲಿ ನೆಲೆಸಿರುವ ನನ್ನ ತಮ್ಮನ ಮಗ ತನ್ನ ಸಂಘ ಹುಲ್ಲಿನ ಎತ್ತರಕ್ಕೂ ದಂಡ ಹಾಕುತ್ತದೆಂದು ಗೊಣಗುತ್ತಿರುತ್ತಾನೆ. ಈ ಒಂದು ವಿಷಯದಲ್ಲಿ ಮಾತ್ರ ಅವನ ಬಾಯಿ ಮುಚ್ಚಿಸಿದ್ದೇನೆ.

ಸಭೆ ಒಂದು ಕ್ಷಣ ಮೌನವಾಯಿತು. ಆಗ ಹಿಂದಿನ ಸಾಲಿನಿಂದ ಒಬ್ಬ ವೃದ್ಧೆ ಎದ್ದು ನಿಂತರು. ಮೂರನೆಯ ಮಹಡಿಯ ಸಣ್ಣ ಮನೆಯವರು, ಒಂಟಿಯಾಗಿರುವವರು. "ನನಗೀಗ 82 ವರ್ಷ. ಹತ್ತು ವರ್ಷದ ಮೇಲೆ ಬರುವ ಲಿಫ್ಟಿಗೆ ನಾನೇಕಪ್ಪ ದುಡ್ಡು ಕೊಡಲಿ?" ಎಂದು ಕೇಳಿದರು. ಕೆಲವರು ನಕ್ಕರು. ನನಗೆ ನಗು ಬರಲಿಲ್ಲ. ಇಪ್ಪತ್ತು ವರ್ಷ ಲಿಫ್ಟನ್ನು ಸವೆಸಿದವರಲ್ಲಿ ತಾವೂ ಒಬ್ಬರು, ನಿಧಿ ಬೆಳೆದರೆ ಮನೆಯ ಬೆಲೆಯೂ ನಿಲ್ಲುತ್ತದೆ ಎಂದೇನೋ ಉತ್ತರ ಹೇಳಿದೆ. ಪಿಂಚಣಿಯಲ್ಲಿ ಔಷಧಕ್ಕೆ ಕಳೆದು ಉಳಿದುದರಲ್ಲಿ ಬದುಕುವವರಿಗೆ ಮನೆಯ ಬೆಲೆ ಏರಿ ಆಗಬೇಕಾದದ್ದೇನು? ಈ ಪ್ರಶ್ನೆಗೆ ನನ್ನ ಮೂರು ಪುಸ್ತಕಗಳಲ್ಲಿ ಉತ್ತರವಿಲ್ಲ. ನಿರ್ಣಯ ಮುಂದಿನ ಸಭೆಗೆ ಹೋಯಿತು.

ನನ್ನ ವರದಿಯ ಕೊನೆಯಲ್ಲಿ ಒಂದು ಅನುಬಂಧವಿದ್ದಿತು: ಬಾಕಿದಾರರ ಪಟ್ಟಿ. ಆರು ಹೆಸರುಗಳು. ಎಲ್ಲಕ್ಕಿಂತ ದೊಡ್ಡ ಬಾಕಿ ಆ ವೃದ್ಧೆಯದೇ. ತಿಂಗಳಿಗೆ 2,400ರಂತೆ 14 ತಿಂಗಳು, 33,600 ರೂಪಾಯಿ. ಸಂಘದ ಖಾತೆಯಲ್ಲಿ ಇದ್ದಂತೆ ಇಳಿಸಿದ್ದೆ.

ಎರಡು ದಿನ ಕಳೆದು ಅಧ್ಯಕ್ಷರು ದೂರವಾಣಿಯಲ್ಲಿ ಮಾತನಾಡಿದರು. "ರಾಯರೇ, ಬಾಕಿದಾರರ ಮನೆಗೆ ನೀರು ನಿಲ್ಲಿಸಬಹುದೆಂದು ತಾವೊಂದು ಕಾಗದ ಕೊಟ್ಟರೆ ನಮಗೆ ಬಲ ಬರುತ್ತದೆ" ಎಂದರು. ನಾನು ಕೊಡುವುದಿಲ್ಲವೆಂದೆ. ಬಾಕಿಯು ಕಾಯಿದೆಯ ಪ್ರಕಾರ ಆ ಮನೆಯ ಮೇಲೆಯೇ ಹೊರೆಯಾಗಿ ನಿಲ್ಲುತ್ತದೆ. ಮಾರಿದರೆ ಕೊಂಡವರೂ ಹೊಣೆಯಾಗುತ್ತಾರೆ. ತಿಳಿವಳಿಕೆ ಪತ್ರ ಕೊಡಿ, ಕಂತು ಕೊಡಿ, ಬಾರದಿದ್ದರೆ ನ್ಯಾಯಾಲಯವಿದೆ. ನೀರು ಜೀವಿಸುವ ಹಕ್ಕಿನ ಭಾಗವೆಂದು ಸರ್ವೋಚ್ಚ ನ್ಯಾಯಾಲಯವೇ ಹೇಳಿದೆ. ಇದನ್ನೆಲ್ಲ ವಿವರಿಸಿದೆ. ಅವರು ಕೇಳಿಕೊಂಡರು. "ಆಗಲಿ" ಎಂದರು. ನಾನು ಧರ್ಮವನ್ನು ಕಾಪಾಡಿದವನಂತೆ ಅಂದು ಸುಖವಾಗಿ ನಿದ್ರಿಸಿದೆ.

ನಾಲ್ಕನೆಯ ದಿನ ಬೆಳಗ್ಗೆ ನಮ್ಮ ಬಾಗಿಲ ಮುಂದೆ ಒಂದು ಆಟೋರಿಕ್ಷಾ ನಿಂತಿತು. ಆ ವೃದ್ಧೆ ಇಳಿದರು. ಕೈಯಲ್ಲಿ ಒಂದು ಬಟ್ಟೆಯ ಚೀಲ. ಹಲಗೆಯನ್ನು ನಿಧಾನವಾಗಿ ಓದಿ ಒಳಗೆ ಬಂದು ಕುಳಿತರು. ತಾರಸಿಯಲ್ಲಿ ಅವರ ಮನೆಯ ಕೊಳವೆಯ ವಾಲ್ವನ್ನು ಹಿಂದಿನ ದಿನವೇ ತಿರುಗಿಸಿಬಿಟ್ಟಿದ್ದರು. ಕೆಳಗಿನ ಮನೆಯ ಹುಡುಗ ಎರಡು ಬಕೆಟ್ ನೀರು ತಂದುಕೊಟ್ಟಿದ್ದನಂತೆ. "ಯಾಕೆ ಅಂತ ಕೇಳಿದರೆ ನಿನ್ನ ಪಟ್ಟಿ ತೋರಿಸಿದರಪ್ಪ. ದೊಡ್ಡ ಲೆಕ್ಕಿಗರು ನೋಡಿ ಬರೆದದ್ದು ಎಂದರು" ಎಂದು ಹೇಳಿ, ಚೀಲದಿಂದ ರಬ್ಬರು ಪಟ್ಟಿ ಹಾಕಿದ ಚೀಟಿಗಳ ಕಟ್ಟೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಐದು ರಸೀದಿಗಳು. ನಾಲ್ಕು 7,200 ರೂಪಾಯಿಯವು, ಒಂದು 4,800 ರೂಪಾಯಿಯದು. ಹಿಂದಿನ ಖಜಾಂಚಿಯ ಸಹಿ. ಕೂಡುವುದಕ್ಕೆ ಕಾಗದ ಬೇಕಾಗಿರಲಿಲ್ಲ.

ಅವರಿಗೆ ಕಾಫಿ ಕೊಡುವಂತೆ ನನ್ನಾಕೆಗೆ ಹೇಳಿ ನಾನು ಬ್ಯಾಂಕಿನ ಲೆಕ್ಕದ ಹಾಳೆಗಳನ್ನು ತೆಗೆದೆ. ಆ ಐದು ಮೊತ್ತಗಳೂ ಅಲ್ಲಿದ್ದವು. ಖಜಾಂಚಿ ಪ್ರಾಮಾಣಿಕರು, ನಗದನ್ನು ಒಂದೆರಡು ದಿನಗಳಲ್ಲಿಯೇ ಬ್ಯಾಂಕಿಗೆ ಕಟ್ಟಿದ್ದರು. ಖಾತೆಗೆ ಎತ್ತುವಾಗ ಯಾರ ಹಣವೆಂದು ನಮೂದಿಸದೆ 'ಇತರ ಜಮಾ' ಎಂಬ ತಲೆಬರಹದಡಿ ಹಾಕಿಬಿಟ್ಟಿದ್ದರು. ಬಳಿಕ ಮನೆ ಮಾರಿ ಮಗನ ಊರಿಗೆ ಹೊರಟುಹೋದರು. ರಸೀದಿ ಪುಸ್ತಕದ ಪ್ರತಿಗಳು ಅವರೊಡನೆಯೇ ಹೋದವೋ, ರದ್ದಿಗೆ ಹೋದವೋ. ಆ 'ಇತರ ಜಮಾ'ದ ಎದುರು ನಾನೇ ಪೆನ್ಸಿಲಿನಿಂದ ಸರಿ ಗುರುತು ಹಾಕಿದ್ದೆ. ಬ್ಯಾಂಕಿಗೂ ಖಾತೆಗೂ ತಾಳೆಯಾಗಿತ್ತು. ಅಷ್ಟಕ್ಕೇ ತೃಪ್ತನಾಗಿ ಹಾಳೆ ಮಗುಚಿದ್ದೆ. ಹಾಲಿನ ಸಂಘಗಳ ಲೆಕ್ಕ ನೋಡುವಾಗ, ಬಾಕಿಯೆಂದು ಬರೆಯುವ ಮೊದಲು ಸದಸ್ಯನನ್ನೇ ಕರೆದು 'ಹೌದೇನಪ್ಪ?' ಎಂದು ಕೇಳುತ್ತಿದ್ದೆ. ಅದು ನಿಯಮವೇ ಆಗಿತ್ತು. ಇಲ್ಲಿ ನನಗೆ ಹಣ ಕೊಟ್ಟವರು ಸಮಿತಿಯವರು; ಕಾಗದ ಕೊಟ್ಟವರೂ ಅವರೇ. 64 ಮನೆಗಳ ಬಾಗಿಲು ತಟ್ಟುವುದು ನನಗೆ ಹೊಳೆಯಲೇ ಇಲ್ಲ. ಲಕೋಟೆಯನ್ನು ಹಿಂದಿರುಗಿಸಿ ಬೀಗುತ್ತಿದ್ದವನು, ಯಾರ ಲಂಚವೂ ಇಲ್ಲದೆ, ಬರಿಯ ಅವಸರದಿಂದ, ಒಬ್ಬ ಮುದುಕಿಯ ನಲ್ಲಿಯನ್ನು ಒಣಗಿಸಿದ್ದೆ.

ಅದೇ ಆಟೋದಲ್ಲಿ ಅವರೊಡನೆ ಹೊರಟೆ. ಅಧ್ಯಕ್ಷರು ಮೊದಲು ಒಪ್ಪಲಿಲ್ಲ. ರಸೀದಿಗಳನ್ನೂ ಬ್ಯಾಂಕಿನ ಹಾಳೆಯನ್ನೂ ಪಕ್ಕಪಕ್ಕದಲ್ಲಿಟ್ಟು ತೋರಿಸಿದೆ. ಅವರ ಮುಖ ಬಿಳಿಚಿತು. ವಾಲ್ವು ತಿರುಗಿತು. ಅಷ್ಟಾದ ಮೇಲೆ, "ತಪ್ಪು ತಮ್ಮ ವರದಿಯಲ್ಲಿಯೇ ಇದ್ದಿತಲ್ಲ ಸ್ವಾಮಿ" ಎಂದರು. ನೀರು ನಿಲ್ಲಿಸಬೇಡಿರೆಂದು ನಾನು ಹೇಳಿದ್ದೆನೆಂಬ ಉತ್ತರ ನಾಲಗೆಯ ತುದಿಯವರೆಗೆ ಬಂದಿತ್ತು. ಹೇಳಲಿಲ್ಲ. ವರದಿಯನ್ನು ಹಿಂದಕ್ಕೆ ಪಡೆದು, ಮುಂಗಡವನ್ನು ಹಿಂದಿರುಗಿಸಿ, ಉಳಿದ ಐದು ಮನೆಗಳಿಗೂ ಹೋಗಿ ವಿಚಾರಿಸಿದೆ. ಇನ್ನೊಬ್ಬರ ಬಾಕಿಯಲ್ಲೂ ಎರಡು ತಿಂಗಳ ತಪ್ಪು ಸಿಕ್ಕಿತು. ಮಿಕ್ಕ ನಾಲ್ವರು ನಿಜವಾದ ಬಾಕಿದಾರರೇ. ಅವರಲ್ಲೊಬ್ಬರು ಬೆಲೆಬಾಳುವ ಎರಡು ಕಾರುಗಳ ಒಡೆಯರು. ಅವರ ಮನೆಯ ವಾಲ್ವನ್ನು ಯಾರೂ ಮುಟ್ಟಿರಲಿಲ್ಲವೆಂಬುದನ್ನು ನಾನು ಗಮನಿಸದೆ ಇರಲಿಲ್ಲ.

ಅಂಗಡಿ ಮುಚ್ಚಿಬಿಡೋಣವೆಂದುಕೊಂಡೆ. ಹಲಗೆಯನ್ನು ಇಳಿಸಿಯೂ ಇಳಿಸಿದೆ. ನನ್ನಾಕೆ ಅದನ್ನು ಒರೆಸಿ ಮತ್ತೆ ಮೊಳೆಗೆ ಸಿಕ್ಕಿಸಿ, "ಮೊದಲು ನಿಮ್ಮ ಕರಾರಿನಲ್ಲಿ ಇನ್ನೊಂದು ಸಾಲು ಸೇರಿಸಿ" ಎಂದಳು. ಸೇರಿಸಿದೆ. ಪ್ರತಿ ಮನೆಗೂ ಅವರವರ ಬಾಕಿಯ ಪತ್ರ ಹೋಗಿ, ಉತ್ತರ ಬಂದು, ಬಾರದ ಕಡೆ ನಾನೇ ಹೋಗಿ ಕೇಳಿದ ಮೇಲಲ್ಲದೆ ಯಾರ ಹೆಸರನ್ನೂ ಪಟ್ಟಿಗೆ ಏರಿಸತಕ್ಕದ್ದಲ್ಲ. ಈ ಸಾಲಿನಿಂದ ನನ್ನ ಕೆಲಸ ಮೂರು ವಾರ ಹೆಚ್ಚಿತು. ಅಷ್ಟು ಕಾಯಲಾರೆವೆಂದು ಎರಡು ಸಂಘಗಳವರು ಬೇರೆಯವರ ಬಳಿಗೆ ಹೋದರು.

64 ಮನೆಯವರು ತಮ್ಮ ಮುಂದಿನ ಸಭೆಗೆ ನನ್ನನ್ನು ಕರೆಯುವರೆಂದು ನಾನು ಎಣಿಸಿರಲಿಲ್ಲ. ಕರೆದರು. ಮೊದಲು ನನ್ನ ತಪ್ಪನ್ನು ಎಲ್ಲರೆದುರು ಹೇಳಿದೆ. ಆಮೇಲೆ ಅಂಕಿಗಳನ್ನು ಮತ್ತೆ ಓದಿದೆ. ಈ ಬಾರಿ 41 ಮಂದಿ ಬಂದಿದ್ದರು. ಮೂರು ಗಂಟೆಯ ಚರ್ಚೆಯಾಗಿ, ಮನೆಗೆ ಸರಾಸರಿ 900 ರೂಪಾಯಿ ಎಂದು ತೀರ್ಮಾನವಾಯಿತು. ಅದು ಸಾಲದು. ಲಿಫ್ಟಿನ ಹೊತ್ತಿಗೆ ಮತ್ತೆ ಜಗಳ ಖಂಡಿತ. ಒಡೆತನದ ಪಾಲಿಗೆ ಅನುಗುಣವಾಗಿ ಹಂಚಬೇಕೆಂಬುದು ಕಾಯಿದೆಯ ಮಾತಾದುದರಿಂದ ಸಣ್ಣ ಮನೆಗಳಿಗೆ ಅಷ್ಟು ಕಡಮೆ ಬಂದಿತು. ವೃದ್ಧೆಯ ಪಾಲಿಗೆ 650. ಅವರು ಕೈ ಎತ್ತಲಿಲ್ಲ, ವಿರೋಧಿಸಲೂ ಇಲ್ಲ.

ಸಭೆ ಮುಗಿದು ಕುರ್ಚಿಗಳನ್ನು ಮಡಿಸುತ್ತಿದ್ದಾಗ ಹೊಸ ಖಜಾಂಚಿಯ ಮೇಜಿನ ಬಳಿಗೆ ಬಂದು, ಸೆರಗಿನ ಗಂಟಿನಿಂದ ನೋಟುಗಳನ್ನು ಬಿಚ್ಚಿ ಮೊದಲ ಕಂತನ್ನು ಎಣಿಸಿ ಇಟ್ಟರು. ಆ ಯುವಕ ರಸೀದಿ ಹರಿದು ಕೊಡಲು ಹೋದ. ಅವರು ತೆಗೆದುಕೊಳ್ಳದೆ ನನ್ನ ಕಡೆ ತಿರುಗಿ, "ಎರಡು ಪ್ರತಿ ಬರೆಸಪ್ಪ, ಒಂದು ನಿನ್ನ ಹತ್ತಿರವೇ ಇರಲಿ" ಎಂದರು.